ಪೋಸ್ಟಮ್ಮನಿಗೆ ಎರಡು ಮೂಡೆ

ಅಂಚೆಯವರಿಗೆ ಹಬ್ಬ-ಪರ್ಬಕ್ಕೆ ಏನು ಕೊಡಬೇಕು, ಹೇಗೆ ಕೊಡಬೇಕು ಎಂಬುದು ತೋಡಾರಿನಿಂದ ಒಳಗಿನ ಆ ಊರಿನಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ರುಕ್ಮಯ್ಯ ಕಾಗದ ಹಂಚುತ್ತಿದ್ದಷ್ಟು ಕಾಲ ದೀಪಾವಳಿಗೆ ಅವನಿಗೆ ಜಗಲಿಯಲ್ಲಿ ಕುರ್ಚಿ ಹಾಕುತ್ತಿದ್ದರು. ಕುಡಿಯಲಿಕ್ಕೆ ಒಂದು ಎಳನೀರು ಬೊಂಡ, ಒಂದು ಲಕೋಟೆ. ಲಕೋಟೆಯನ್ನು ತೆರೆಯದೆ ಕಿಸೆಗೆ ಹಾಕಿಕೊಂಡು ಅವನು "ಬರ್ತೇನೆ" ಎಂದರೆ ಮುಗಿಯಿತು.

ಅವನು ನಿವೃತ್ತನಾಗಿ ಚೀಲ ಕಾಂತಿಯ ಹೆಗಲಿಗೆ ಬಂದದ್ದೇ ಕುರ್ಚಿ ಒಳಗೆ ಹೋಯಿತು. "ಹೆಂಗಸಲ್ವಾ, ಹಿಂದಿನಿಂದ ಬಾ" ಎಂದು ಅವಳನ್ನು ಅಡುಗೆಮನೆಯ ಬಾಗಿಲಿಗೆ ಕರೆದರು. ಲಕೋಟೆಯ ಬದಲು ಉಟ್ಟು ಬಿಟ್ಟ ಸೀರೆ ಸಿಗತೊಡಗಿತು. ಸೀರೆ ಕೊಟ್ಟ ಕೈ ಇನ್ನೂ ಹಿಂದೆ ಹೋಗಿರುತ್ತಿರಲಿಲ್ಲ, ಬಾಯಿ ಕೆಲಸ ಹೇಳುತ್ತಿತ್ತು: "ಹೇಗೂ ಬಂದಿದ್ದಿ, ಆ ಹಾಲು ಉಕ್ಕದ ಹಾಗೆ ಸ್ವಲ್ಪ ನೋಡು."

ಕಾಂತಿ ಬೆಳಿಗ್ಗೆ ತನ್ನ ಮನೆಯ ಹಾಲು ಕಾಸಿ, ಮಧ್ಯಾಹ್ನದ ಅನ್ನ-ಸಾರು ಮುಗಿಸಿ, ಗಂಡ ತುಕ್ರಪ್ಪನ ಬುತ್ತಿ ಕಟ್ಟಿ, ಮಗಳು ಮೋಕ್ಷಿತಾಳನ್ನು ಕಾಲೇಜಿನ ಬಸ್ಸಿಗೆ ಹತ್ತಿಸಿ, ಆಮೇಲೆ ಚೀಲ ಹೊರುತ್ತಿದ್ದವಳು. ಮೋಕ್ಷಿತಾಳ ಕಾಲೇಜು ನಡೆಯುತ್ತಿದ್ದದ್ದೇ ಆ ಚೀಲದಿಂದ. ಹಾಗಾಗಿ ಇನ್ನೊಬ್ಬರ ಹಾಲನ್ನೂ ನೋಡಿಕೊಂಡಳು. ಕಳೆದ ದೀಪಾವಳಿಗೆ ದೊಡ್ಡಮನೆಯ ಶಂಭಣ್ಣ ಹೆಂಡತಿ ಪ್ರೇಮಾವತಿಯ ಕೈಯಿಂದ ಸೀರೆ ಕೊಡಿಸಿದಾಗ, ಕಾಂತಿ ಆ ಮನೆಯ ದೀಪಗಳನ್ನೆಲ್ಲ ಹುಣಿಸೆಹುಳಿ ಹಾಕಿ ತಿಕ್ಕಿದಳು, ಚಾವಡಿ ಒರೆಸಿದಳು. ಅಂಚೆಯ ಚೀಲ ಸಂಜೆಯವರೆಗೆ ಮೆಟ್ಟಿಲ ಮೇಲೆ ಕೂತಿತ್ತು.

ಈ ಸಲ ಪ್ರೇಮಾವತಿ ನೀಲಿ ಸೀರೆಯನ್ನು ಹಿಡಿದು ಹಿಂಬಾಗಿಲಿಗೆ ಬಂದಾಗ ಕಾಂತಿ ಕೈ ಚಾಚಲಿಲ್ಲ.

"ಬೇಡ ಅಕ್ಕ. ಕಾಗದ ಹಂಚ್ಲಿಕ್ಕೆ ತುಂಬ ಉಂಟು."

"ಸೀರೆ ತಗೊಳ್ಳಿಕ್ಕೆ ಎಷ್ಟು ಹೊತ್ತು ಬೇಕು ಮಾರಾಯ್ತಿ?"

"ಸೀರೆಗೆ ಹೊತ್ತು ಬೇಡ. ದೀಪಕ್ಕೆ ಬೇಕಲ್ಲ."

ಪ್ರೇಮಾವತಿ ಮುಖ ತಗ್ಗಿಸಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. "ನೀನು ಬರದಿದ್ದರೆ ನಾನೊಬ್ಬಳೇ" ಎಂದಳು ಸಣ್ಣಗೆ. ಅದು ನಿಜ ಎಂದು ಕಾಂತಿಗೂ ಗೊತ್ತಿತ್ತು. ಆ ಮನೆಯ ದೀಪಗಳು ಒಬ್ಬ ಹೆಂಗಸಿನ ಕೈಯಿಂದ ಇನ್ನೊಬ್ಬಳ ಕೈಗೆ ಹೋಗುತ್ತಿದ್ದವೇ ಹೊರತು ಜಗಲಿಯ ಕಡೆಗೆ ಹೋದದ್ದಿಲ್ಲ.

ಜಗಲಿಯಿಂದ ಶಂಭಣ್ಣನ ದನಿ ಬಂತು. "ಏನಂತೆ? ಸೀರೆ ಬೇಡವಂತಾ? ಹಾಗಾದರೆ ಇನ್ನು ಕಲೆಕ್ಟರಮ್ಮನಿಗೆ ಅರ್ಜಿ ಹಾಕಿ ಕೊಡ್ಬೇಕೋ ಏನೋ!"

ಕಾಂತಿ ಚೀಲ ಹೆಗಲಿಗೇರಿಸಿ ನಡೆದಳು.

ಆದರೆ ಒಂದು ಮನೆಯ ಪರ್ಬದ ಕೊಡುಗೆಯನ್ನು ಮಾತ್ರ ಅವಳು ಈ ಸಲವೂ ಬೇಡವೆನ್ನಲಿಲ್ಲ. ನೀರಿನ ತೋಡಿನ ಬದಿಯ ಸೇಸಮ್ಮನ ಮನೆ. ಸೇಸಮ್ಮನ ವೃದ್ಧಾಪ್ಯ ವೇತನವನ್ನು ಕಾಂತಿಯೇ ಮನೆಗೆ ತಂದು ಕೊಡುವುದು. ಬೆರಳಿಡುವ ಯಂತ್ರ ಸೇಸಮ್ಮನ ಹೆಬ್ಬೆರಳನ್ನು ಗುರುತಿಸುತ್ತಿರಲಿಲ್ಲ. ಜೀವಮಾನವಿಡೀ ಪಾತ್ರೆ ತಿಕ್ಕಿ, ಬೀಡಿ ಕಟ್ಟಿ ಗೆರೆಗಳೆಲ್ಲ ಸವೆದುಹೋಗಿದ್ದವು. ಕಾಂತಿ ಬಿಸಿನೀರಲ್ಲಿ ಬೆರಳನ್ನು ಅದ್ದಿಸಿ, ಸೆರಗಿನಲ್ಲಿ ಒರೆಸಿ, ಎಣ್ಣೆ ಹಚ್ಚಿ ತಿಕ್ಕಿ, ಮತ್ತೆ ಮತ್ತೆ ಇಡಿಸಿ, ಹಸಿರು ದೀಪ ಹತ್ತುವ ತನಕ ಕೂರುತ್ತಿದ್ದಳು. ಬಂದ ಹಣ ಅಂಗಳ ದಾಟುವ ಮೊದಲೇ ಮಗ ನಿತೇಶನ ಕಿಸೆ ಸೇರುತ್ತಿತ್ತು. ಅದರ ಬಗ್ಗೆ ಸೇಸಮ್ಮ ಏನೂ ಹೇಳಿದವಳಲ್ಲ.

ಊರವರು ಕೃಷ್ಣಾಷ್ಟಮಿಗೆ ಮಾಡುವ ಮೂಡೆಯನ್ನು ಸೇಸಮ್ಮ ಪ್ರತಿ ಪರ್ಬಕ್ಕೂ ಮಾಡುತ್ತಿದ್ದಳು. ತೋಡಿನ ಬದಿಯ ಮುಂಡೇವಿನ ಎಲೆ ಕೊಯ್ದು, ಅಂಚಿನ ಮುಳ್ಳು ಸೀಳಿ ತೆಗೆದು, ಬೆಂಕಿಗೆ ಬಾಡಿಸಿ, ಸುತ್ತಿ ಕೊಳವೆ ಮಾಡಿ, ಹಿಟ್ಟು ಹೊಯ್ದು ಬೇಯಿಸಿದ ಮೂಡೆ. ಎರಡನ್ನು ತೆಗೆದಿಟ್ಟು "ಪೋಸ್ಟಮ್ಮನಿಗೆ" ಎನ್ನುತ್ತಿದ್ದಳು. ಕಾಂತಿ ಅದನ್ನು ಅಲ್ಲೇ ಹೊಸ್ತಿಲಲ್ಲಿ ಕೂತು, ಎಲೆ ಬಿಚ್ಚಿ ತಿನ್ನುತ್ತಿದ್ದಳು. ದಿನದಲ್ಲಿ ಯಾರೋ ಮಾಡಿ ಬಡಿಸಿದ್ದನ್ನು ಅವಳು ತಿನ್ನುತ್ತಿದ್ದದ್ದು ಅಲ್ಲಿ ಮಾತ್ರ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅಂಚೆ ಇಲಾಖೆಗೆ ದೂರು ಹೋಯಿತು. ಪಿಂಚಣಿಯ ಬಡ ಹೆಂಗಸರಿಂದ ಪೋಸ್ಟಮ್ಮ ಹಬ್ಬದ ಹೆಸರಲ್ಲಿ ವಸೂಲಿ ಮಾಡುತ್ತಾಳೆ ಎಂದು. ಸಹಿ ಶಂಭಣ್ಣನದು. ವಿವರಣೆ ಕೇಳಿದಾಗ ಕಾಂತಿ ಹೆದರಿ, ನಾನು ಯಾರಿಂದಲೂ ಏನೂ ಪಡೆದಿಲ್ಲ ಎಂದು ಬರೆದು ಕೊಟ್ಟಳು. ವಿಚಾರಣೆಗೆ ಇನ್ಸ್‌ಪೆಕ್ಟರ್ ಬರುತ್ತಾರೆಂದು ಗೊತ್ತಾದ ಮೇಲೆ ಸೇಸಮ್ಮನ ಮನೆಗೆ ಓಡಿದಳು.

"ಅಮ್ಮ, ಕೇಳಿದರೆ ಏನೂ ಕೊಡ್ಲಿಲ್ಲ ಅಂತ ಹೇಳಿ. ಮೂಡೆಯ ಸುದ್ದಿ ಎತ್ತಬೇಡಿ. ನನ್ನ ಕೆಲಸ ಹೋಗ್ತದೆ."

"ಮೂಡೆಗೆ ಕೆಲಸ ಹೋಗ್ತದಾ? ಆಯಿತು ಮಗಾ, ಹೇಳುವುದಿಲ್ಲ."

ಇನ್ಸ್‌ಪೆಕ್ಟರ್ ಘಟ್ಟದ ಮೇಲಿನವರು. ಬೆಳಿಗ್ಗೆಯ ನೀರುದೋಸೆ ಶಂಭಣ್ಣನ ಮನೆಯಲ್ಲೇ ಆಗಿತ್ತು, ಎರೆದವಳು ಪ್ರೇಮಾವತಿ. ಶಂಭಣ್ಣ ಅವರನ್ನು ಕರೆದುಕೊಂಡು ಬಂದು ಸೇಸಮ್ಮನ ಅಂಗಳದಲ್ಲಿ ಕುರ್ಚಿ ಹಾಕಿಸಿದ. ಕಾಂತಿ ತೆಂಗಿನ ಮರದ ಹತ್ತಿರ ನಿಂತಿದ್ದಳು.

"ಹಬ್ಬಕ್ಕೆ ಇವರಿಗೆ ಏನಾದ್ರೂ ಕೊಡ್ತೀರೇನಮ್ಮ?"

"ಇಲ್ಲ ಸ್ವಾಮಿ. ಏನೂ ಕೊಡ್ಲಿಲ್ಲ" ಎಂದಳು ಸೇಸಮ್ಮ, ಕಲಿತ ಪಾಠ ಒಪ್ಪಿಸುವ ಹಾಗೆ.

ಇನ್ಸ್‌ಪೆಕ್ಟರ್ ಬರೆಯತೊಡಗಿದರು. ಕಾಂತಿ ಮರಕ್ಕೆ ಒರಗಿದಳು.

ಶಂಭಣ್ಣ ನಕ್ಕ. "ಇವಳು ಏನು ಕೊಡುವುದು ಸಾರ್? ಪೋಸ್ಟಮ್ಮ ಪಿಂಚಣಿಯಿಂದ ಕಿತ್ತುಕೊಂಡದ್ದೇ. ಅದು ಬಿಟ್ಟರೆ ಈ ಮನೆಯಲ್ಲಿ ಇವಳದ್ದು ಅಂತ ಒಂದು ಸೌಟು ಉಂಟಾ? ಮಗ ಹಾಕಿದ್ದು ಉಣ್ಣುವವಳು."

ಸೇಸಮ್ಮ ಅವನನ್ನೇ ನೋಡಿದಳು. ಸರಕ್ಕನೆ ಒಳಗೆ ಹೋದಳು. ಬರುವಾಗ ತಟ್ಟೆಯಲ್ಲಿ ಬೆಚ್ಚಗಿನ ಮೂಡೆಗಳಿದ್ದವು. ಮನೆಗೆ ಸಾಹೇಬರು ಬರುತ್ತಾರೆಂದು ನಸುಕಿಗೇ ಎದ್ದು ಮಾಡಿದ್ದಳು.

"ಇದು ನನ್ನದು. ಎಲೆ ನಾನು ಕೊಯ್ದದ್ದು, ಮುಳ್ಳು ನನ್ನ ಕೈಗೆ ಹೆಟ್ಟಿದ್ದು. ಪ್ರತಿ ಪರ್ಬಕ್ಕೂ ಪೋಸ್ಟಮ್ಮನಿಗೆ ನಾನು ಕೊಟ್ಟಿದ್ದೇನೆ. ಒಂದು ಪರ್ಬವೂ ತಪ್ಪಲಿಲ್ಲ. ಕೊಡ್ಲಿಕ್ಕೆ ನನ್ನ ಹತ್ರ ಏನಿಲ್ಲ ಅಂತ ಯಾರು ಹೇಳಿದ್ದು?" ತಟ್ಟೆಯನ್ನು ಇನ್ಸ್‌ಪೆಕ್ಟರ್ ಮುಂದೆ ಹಿಡಿದಳು. "ನೀವೂ ತಿನ್ನಿ."

"ಬೇಡಮ್ಮ. ಡ್ಯೂಟಿ ಮೇಲೆ ನಾವು ಏನೂ ತಗೊಳ್ಳೋ ಹಾಗಿಲ್ಲ" ಎಂದ ಇನ್ಸ್‌ಪೆಕ್ಟರ್ ಕಾಂತಿಯ ಕಡೆ ತಿರುಗಿದರು. "ಇವರು ಹೇಳ್ತಿರೋದು ನಿಜಾನಾ?"

ಇಲ್ಲ ಎಂದುಬಿಡಬಹುದಿತ್ತು. ಮುದುಕಿಗೆ ನೆನಪು ಸರಿಯಿಲ್ಲ ಎಂದರೆ ಅಲ್ಲಿದ್ದವರು ನಂಬುತ್ತಿದ್ದರು. ಸೇಸಮ್ಮ ತಟ್ಟೆಯನ್ನು ಕೆಳಗಿಳಿಸಲಿಲ್ಲ. ಅವಳು ಕಾಂತಿಯನ್ನೇ ನೋಡುತ್ತಿದ್ದಳು, ಸಾಕ್ಷಿಗೆ ಕರೆದವಳ ಹಾಗೆ.

"ನಿಜ ಸಾರ್. ತಗೊಂಡಿದ್ದೇನೆ."

ಏನೂ ಪಡೆದಿಲ್ಲ ಎಂದು ಅವಳೇ ಬರೆದುಕೊಟ್ಟ ಕಾಗದ ಇನ್ಸ್‌ಪೆಕ್ಟರ್ ಚೀಲದಲ್ಲಿತ್ತು. ಮೂಡೆಗಿಂತ ಆ ಸುಳ್ಳೇ ದೊಡ್ಡದಾಯಿತು. ಮೊದಲು ಕೆಲಸಕ್ಕೆ ಬರಬೇಡ ಎಂದರು, ಆಮೇಲೆ ಕೆಲಸದಿಂದಲೇ ತೆಗೆದರು. "ಹೋಗಲಿ ಬಿಡು, ಇನ್ನಾದರೂ ಮನೆ ನೋಡಿಕೊಂಡು ಇರು" ಎಂದ ತುಕ್ರಪ್ಪ, ಇಷ್ಟು ವರ್ಷ ಮನೆಯನ್ನು ಬೇರೆ ಯಾರೋ ನೋಡಿಕೊಂಡ ಹಾಗೆ. ಮೋಕ್ಷಿತಾ ಕಾಲೇಜು ಬಿಟ್ಟು ಮೂಡುಬಿದಿರೆಯ ಬಟ್ಟೆ ಅಂಗಡಿಗೆ ಸೇರಿದಳು. ಕಾಂತಿ ಬೀಡಿಯ ಮೊರ ಹಿಡಿದು ಕೂತಳು. ಹೊಸದಾಗಿ ಬೈಕಿನಲ್ಲಿ ಬಂದ ಪೋಸ್ಟ್‌ಮ್ಯಾನ್‌ಗೆ ದೊಡ್ಡಮನೆಯ ಜಗಲಿಯಲ್ಲಿ ಮತ್ತೆ ಕುರ್ಚಿ ಬಿತ್ತು.

ಅಷ್ಟಮಿಯ ಮರುದಿನ ಸೇಸಮ್ಮ ನಡೆದುಕೊಂಡೇ ಕಾಂತಿಯ ಮನೆಗೆ ಬಂದಳು. ಸೆರಗಿನಲ್ಲಿ ಎರಡು ಮೂಡೆ.

"ಆ ಹೊಸ ಪೋಸ್ಟಿನವನಿಗೂ ಕೊಟ್ಟು ನೋಡಿದೆ ಪೋಸ್ಟಮ್ಮ. ಕುರ್ಚಿಯಲ್ಲಿ ಕೂತು ತಿಂದ. ಆದರೆ ಯಂತ್ರ ಬೆರಳು ಹಿಡಿಯುವುದಿಲ್ಲವಂತೆ, ಪೇಟೆಗೆ ಬಾ ಅಂತಾನೆ. ಹಣ ಬರದೆ ತಿಂಗಳು ಎಷ್ಟಾಯಿತೋ. ಮಗ ಅನ್ನ ಹಾಕುವಾಗ ಮುಖ ನೋಡುವುದಿಲ್ಲ."

ಕಾಂತಿ ಮೊರ ಬದಿಗಿಟ್ಟಳು. ಬಿಸಿನೀರು ತಂದು ಸೇಸಮ್ಮನ ಹೆಬ್ಬೆರಳನ್ನು ಅದರಲ್ಲಿ ಅದ್ದಿ, ಒರೆಸಿ, ಎಣ್ಣೆ ಹಚ್ಚಿ ತಿಕ್ಕತೊಡಗಿದಳು. ಬೆರಳು ನುಣ್ಣಗಿತ್ತು, ಸವೆದ ಹೊಳೆಕಲ್ಲಿನಂತೆ.

ಸೇಸಮ್ಮ ಅತ್ತಿತ್ತ ನೋಡಿದಳು. "ಯಂತ್ರ ಎಲ್ಲುಂಟು?"

ಕಾಂತಿಯ ಕೈ ನಿಂತಿತು. ಒಳಗಿನಿಂದ ತುಕ್ರಪ್ಪ ಚಾ ಆಯಿತಾ ಎಂದು ಕೇಳುತ್ತಿದ್ದ.