ಬೇವಿನ ಮರಕ್ಕೆ ಅಭ್ಯಂಜನ

ನಾನು ಮೈಸೂರಿನಿಂದ ತಮಿಳುನಾಡಿನ ಅವಿನಾಶಿ ಊರಿಗೆ ಸೊಸೆಯಾಗಿ ಬಂದಾಗ ನಮ್ಮ ಬೀದಿಯಲ್ಲಿ ಮಗ್ಗಗಳ ಸದ್ದು ಮಾತ್ರ ಇತ್ತು. ಆಮೇಲೆ ಮೇಲ್ಸೇತುವೆ ಕಟ್ಟುವ ನೆಪದಲ್ಲಿ ಲಾರಿಗಳನ್ನು ತಾತ್ಕಾಲಿಕವಾಗಿ ಇತ್ತ ತಿರುಗಿಸಿದರು. ಸೇತುವೆ ಮುಗಿದು, ಅದರ ಕಂಬಗಳಿಗೆ ಪೋಸ್ಟರ್ ಅಂಟಿಸಿಯೂ ಆಯಿತು. ತಾತ್ಕಾಲಿಕ ಮಾತ್ರ ಇನ್ನೂ ಮುಗಿದಿಲ್ಲ.

ಅತ್ತೆಗೆ ಉಬ್ಬಸ ಹಿಡಿದದ್ದು ಆಗಲೇ. ಈಗ ಅವರು ಮಲಗುವುದೇ ಇಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ. ಲಾರಿ ನಿಲ್ಲಿಸಿ ಎಂದು ಬೇಡಲು ಹೋದರೆ ಅಧಿಕಾರಿ ನಕ್ಕರು. "ಮಗ್ಗದ ಮನೆಯವರಿಗೆ ಕೆಮ್ಮು ಸಹಜ ಅಲ್ಲವೇನಮ್ಮ? ಹತ್ತಿ ಧೂಳು. ಲಾರಿಯದೇ ಅನ್ನೋದಕ್ಕೆ ಪುರಾವೆ ತನ್ನಿ." ಪಾಪ, ಅತ್ತೆಯ ಎದೆಗೆ ಸರಕಾರಿ ಮೊಹರು ಇಲ್ಲ.

ಹುಡುಕಿ ಹುಡುಕಿ ಕೊಯಮತ್ತೂರಿನ ಕಾಲೇಜಿನ ಒಬ್ಬ ಸಂಶೋಧಕಿಯನ್ನು ಹಿಡಿದೆ. ಆಕೆಯ ಕೆಲಸವೇ ಮರದ ತೊಗಟೆ ಕೆರೆಯುವುದು. ವಾಹನದ ಹೊಗೆಯ ಮಸಿ, ಟಯರಿನ ಪುಡಿ, ಬ್ರೇಕಿನ ಲೋಹದ ಚೂರು, ಎಲ್ಲವೂ ತೊಗಟೆಯ ಬಿರುಕುಗಳಲ್ಲಿ ಕೂತಿರುತ್ತವಂತೆ. ಕೂತ ಧೂಳು ಹತ್ತಿಯದೋ ಲಾರಿಯದೋ ಎಂದು ಯಂತ್ರ ಹೇಳುತ್ತದಂತೆ. ನಮ್ಮ ಬೀದಿಯಲ್ಲಿ ಉಳಿದಿದ್ದದ್ದು ನಮ್ಮ ಮನೆಯೆದುರಿನ ಬೇವು ಒಂದೇ. ಮಿಕ್ಕ ಮರಗಳನ್ನೆಲ್ಲ ಲಾರಿಗಳಿಗೆ ದಾರಿ ಅಗಲವಾಗಲೆಂದು ಕಡಿದಿದ್ದರು.

ಶುಕ್ರವಾರ ಆಕೆ ಬರುತ್ತಾಳೆ ಎಂದು ಅತ್ತೆಗೆ ಹೇಳಿ ನಾನು ಕೆಲಸಕ್ಕೆ ಹೋದೆ. ನಮ್ಮ ಮನೆಯಲ್ಲಿ ಬೇವು ಎಂದರೆ ಮಾರಿಯಮ್ಮ. ಅಮ್ಮನನ್ನು ನೋಡಲು ಕಾಲೇಜಿನಿಂದ ಜನ ಬರುತ್ತಾರೆ ಎಂದರೆ ಅತ್ತೆ ಸುಮ್ಮನೆ ಕೂರುತ್ತಾರೆಯೇ? ಸಂಜೆ ಬಂದು ನೋಡಿದರೆ ಮರ ಮದುಮಗಳಾಗಿ ನಿಂತಿತ್ತು. ಸೀಗೇಪುಡಿ ಹಾಕಿ, ತೆಂಗಿನ ನಾರಿನಿಂದ ಬುಡದಿಂದ ಕೈಗೆಟುಕುವವರೆಗೆ ಉಜ್ಜಿ, ಅರಿಶಿನ ಬಳಿದು, ಕುಂಕುಮ ಇಟ್ಟಿದ್ದರು. ಕಟ್ಟೆಯ ಮೇಲೆ ಅತ್ತೆ ಏದುಸಿರು ಬಿಡುತ್ತಿದ್ದರು. ಪಕ್ಕದಲ್ಲಿ ಸಂಶೋಧಕಿ ಚಾಕು ಹಿಡಿದು ಪೆಚ್ಚಾಗಿ ನಿಂತಿದ್ದಳು.

"ಏನತ್ತೆ ಇದು!" ಎಂದು ಕಿರುಚಿದೆ.

"ನೆಂಟ್ರು ಬರೋವಾಗ ಅಮ್ಮ ಇಷ್ಟು ಅಳುಕ್ಕಾಗಿ, ಕೊಳೆ ಹಿಡಿದು ನಿಂತ್ರೆ ನಮಗಲ್ವೇನೇ ಮಾನ ಹೋಗೋದು? ತೊಳೆದ ನೀರೆಲ್ಲ ಕಪ್ಪು ಕಪ್ಪಾಗಿ ಹೋಯ್ತು ನೋಡು," ಎಂದರು ಹೆಮ್ಮೆಯಿಂದ.

ನಮ್ಮ ಪುರಾವೆಯೆಲ್ಲ ಚರಂಡಿಗೆ ಸೇರಿತ್ತು.

ಆದರೂ ಸಂಶೋಧಕಿ ಒಂದು ಚೂರು ಕೆರೆದುಕೊಂಡು ಹೋದಳು. ಫಲಿತಾಂಶ ಬಂದಾಗ ನಮ್ಮ ಬೇವು ಆಕೆ ಹೋಲಿಕೆಗೆಂದು ಕೆರೆದಿದ್ದ ದೇವಸ್ಥಾನದ ತೋಟದ ಮರಕ್ಕಿಂತ ಶುದ್ಧವಾಗಿತ್ತು. ಅಧಿಕಾರಿಗೆ ಖುಷಿಯೋ ಖುಷಿ. ಇಷ್ಟು ಒಳ್ಳೆಯ ಗಾಳಿ ಇರುವಾಗ ಇನ್ನೂ ನಾಲ್ಕು ಲಾರಿ ಬಂದರೆ ಏನಂತೆ ಎಂದರು. ಅತ್ತೆಯಂತೂ ಮರ ಫಸ್ಟ್ ಕ್ಲಾಸಲ್ಲಿ ಪಾಸಾಯಿತೆಂದು ಬೀದಿಗೆಲ್ಲ ಸಕ್ಕರೆ ಹಂಚಿದರು, ಪ್ರತಿ ಮನೆಯ ಮೆಟ್ಟಿಲಲ್ಲೂ ನಿಂತು ಉಸಿರು ಹಿಡಿದುಕೊಳ್ಳುತ್ತಾ. ನನಗೆ ಅವರ ಮೇಲೆ ಕೋಪವೂ ಬಂತು, ಅಳುವೂ ಬಂತು.

ತೊಗಟೆಯಲ್ಲಿ ಮತ್ತೆ ಸಾಕಷ್ಟು ಮಸಿ ಕೂರಲು ಕಾಲ ಬೇಕು, ಕಾಯಿರಿ ಎಂದಿದ್ದಾಳೆ ಸಂಶೋಧಕಿ. ತೆಂಗಿನ ನಾರನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದೇನೆ. ಹೋಗುತ್ತಾ ಬರುತ್ತಾ ಮರಕ್ಕೆ ಕೈ ಮುಗಿಯುತ್ತೇನೆ: ತಾಯೀ, ಬೇಗ ಕೊಳೆಯಾಗು. ಒಳಗೆ ಕೂತು ನಿದ್ದೆ ಮಾಡುವವರಿಗೆ ಅಷ್ಟು ಕಾಲ ಇಲ್ಲ.