ಹೆಸರು ಕೇಳದೆ ತುಂಬಿದ ಟ್ಯೂಬು

ರಾಟೆಗಳ ಕರಕರ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ೨೦೧೫ರಲ್ಲಿ ನಾನು ರಾಮನಗರದ ಒಂದು ಮಿಷನ್ ಆಸ್ಪತ್ರೆಯಲ್ಲಿ ಸೀನಿಯರ್ ಸ್ಟಾಫ್ ನರ್ಸ್. ರೇಷ್ಮೆ ನೂಲು ತೆಗೆಯುವ ಯೂನಿಟ್ ಒಂದರಲ್ಲಿ ನಲವತ್ತು ಹೆಂಗಸರಿಗೆ ರಕ್ತಪರೀಕ್ಷೆಯ ಕ್ಯಾಂಪ್ ಇತ್ತು. ಕಾನ್ವೆಂಟಿನಲ್ಲಿ ಓದಿದವಳು ನಾನು, ಎಲ್ಲವೂ ನೀಟಾಗಿರಬೇಕು. ಲಿಸ್ಟ್ ನೋಡಿ ಟ್ಯೂಬುಗಳಿಗೆಲ್ಲ ಮೊದಲೇ ಲೇಬಲ್ ಅಂಟಿಸಿ ಸಾಲಾಗಿ ನಿಲ್ಲಿಸಿದ್ದೆ. ಅದೇ ತಪ್ಪು. ಹೆಸರು ಕೇಳಿ, ರಕ್ತ ತೆಗೆದು, ಅವರ ಎದುರಿಗೇ ಲೇಬಲ್ ಹಚ್ಚಬೇಕು. ನರ್ಸಿಂಗಿನಲ್ಲಿ ಮೊದಲ ವರ್ಷದ ಪಾಠವಿದು.

ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡನ್ನು ಅರ್ಧಕ್ಕೆ ಬಿಟ್ಟು ಏಳುವಂತಿಲ್ಲ, ನೂಲು ಹಾಳಾಗುತ್ತದೆ. ಹಾಗಾಗಿ ಕೆಲವರು ತಮ್ಮ ಸರದಿಗೆ ಪಕ್ಕದವಳನ್ನು ಕಳಿಸಿ, ತಾವು ಆಮೇಲೆ ಬರುತ್ತಿದ್ದರು. ಅದು ಕಂಡದ್ದು ಜೂನಿಯರ್ ಮಂಜುಳಾಗೆ.

"ಮೇಡಂ, ಒಸಿ ಹೆಸ್ರು ಕೇಳ್ಕೊಂಡು ಚುಚ್ಚಣ. ಇವ್ರು ಅದಲು ಬದಲು ಬತ್ತಾವ್ರೆ."

"ನಾನು ಸೂಜಿ ಹಿಡಿದಾಗ ನೀನಿನ್ನೂ ಹುಟ್ಟಿರಲಿಲ್ಲ ಕಣೆ. ಸುಮ್ನೆ ಹತ್ತಿ ಕೊಡು" ಎಂದೆ.

ಆ ಹೆಂಗಸರಲ್ಲಿ ಒಬ್ಬಳು ನೂರ್‌ಜಹಾನ್, ಆಗ ಚೊಚ್ಚಲ ಬಸುರಿ. ಅವಳ ರಕ್ತ ಬಿ ನೆಗೆಟಿವ್. ಟ್ಯೂಬ್ ಬದಲಾಗಿ, ಅವಳ ಕಾರ್ಡಿನಲ್ಲಿ ನಾನು ಬಿ ಪಾಸಿಟಿವ್ ಎಂದು ಬರೆದೆ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಹೆರಿಗೆಯಾದ ಎಪ್ಪತ್ತೆರಡು ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಇಂಜೆಕ್ಷನ್ ಕೊಡಬೇಕು. ಇಲ್ಲದಿದ್ದರೆ ತಾಯಿಯ ರಕ್ತ ಮುಂದಿನ ಮಗುವಿನ ರಕ್ತದ ಮೇಲೆ ಯುದ್ಧಕ್ಕೆ ನಿಲ್ಲುತ್ತದೆ. ಹೆರಿಗೆಯ ದಿನ ನಾವು ಕಾರ್ಡ್ ನಂಬಿದೆವು, ಇಂಜೆಕ್ಷನ್ ಕೊಡಲಿಲ್ಲ. ಹುಟ್ಟಿದ ಮಗ ಚೆನ್ನಾಗಿದ್ದ.

೨೦೧೮ರಲ್ಲಿ ಅವಳಿಗೆ ಮಗಳು ಆಯಿಷಾ ಹುಟ್ಟಿದಳು. ಹುಟ್ಟಿದ ದಿನವೇ ಕಾಮಾಲೆ, ಮೈಯೆಲ್ಲ ಹಳದಿ. ರಕ್ತ ಬದಲಿಸಿ ಜೀವ ಉಳಿಸಿದರು. ಕಿವಿ ಉಳಿಯಲಿಲ್ಲ. ತಾಯಿಯ ರಕ್ತವನ್ನು ಮತ್ತೆ ಪರೀಕ್ಷೆ ಮಾಡಿದ ಡಾಕ್ಟರು ಹಳೆಯ ಕಾರ್ಡನ್ನು ನನ್ನ ಮುಂದಿಟ್ಟರು. ಅದೇ ನನ್ನ ಮುದ್ದಾದ ಕಾನ್ವೆಂಟ್ ಅಕ್ಷರ.

ಆ ದಿನದ ನಲವತ್ತು ಜನರನ್ನೂ ಹುಡುಕಿಕೊಂಡು ಹೊರಟೆ. ಚನ್ನಪಟ್ಟಣ, ದೊಡ್ಡಮಳೂರು, ಹಾರೋಹಳ್ಳಿ ಎಲ್ಲ ಸುತ್ತಿದೆ. ಇನ್ನೊಂದು ಜೋಡಿಯ ಟ್ಯೂಬೂ ಅದಲು ಬದಲಾಗಿತ್ತು. ಆ ಇಬ್ಬರಲ್ಲಿ ಒಬ್ಬಳು ಬೈರಮಂಗಲಕ್ಕೆ ಮದುವೆಯಾಗಿ ಹೋಗಿದ್ದಳು. ಚೊಚ್ಚಲ ಬಸುರಿ, ಏಳು ತಿಂಗಳು, ಕಾರ್ಡಿನಲ್ಲಿ ಪಾಸಿಟಿವ್, ನಿಜಕ್ಕೂ ನೆಗೆಟಿವ್. ಏಳನೇ ತಿಂಗಳಲ್ಲೇ ಕೊಡುವ ಮೊದಲ ಇಂಜೆಕ್ಷನ್ ಸರಿಯಾದ ಹೊತ್ತಿಗೆ ಸಿಕ್ಕಿತು.

ಮುಂದಿನ ಭಾನುವಾರ ಚರ್ಚಿನಲ್ಲಿ, ನನ್ನಿಂದಲೇ ವಿಷಯ ತಿಳಿದಿದ್ದ ಫಾದರ್ ಇದನ್ನೇ ಪ್ರಸಂಗ ಮಾಡಿದರು. ಒಬ್ಬ ಸಹೋದರಿಯ ತಪ್ಪಿನಿಂದಲೇ ದೇವರು ಬೈರಮಂಗಲದ ತಾಯಿಯನ್ನು ಕಾಪಾಡಿದರಂತೆ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ! ಕೇಳುವ ಕಿವಿ ಕಳೆದುಕೊಂಡ ಕೂಸೊಂದು ಎರಡು ಬೀದಿ ಆಚೆ ಮಲಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದವಳೇ ಕೇಳಿದೆ, "ಶಿಲುಬೆಯಿಂದ ರಕ್ಷಣೆ ಬಂತು ಅಂತ ಮೊಳೆ ಹೊಡೆದವನಿಗೆ ಹಾರ ಹಾಕ್ತೀವಾ ಫಾದರ್?"

"ಡೋಂಟ್ ಬಿ ಬಿಟರ್, ಸಿಸ್ಟರ್. ದೇವರ ಪ್ಲಾನ್ ನಮಗೆ ಗೊತ್ತಾಗಲ್ಲ."

ಆದರೆ ಅವರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ದೊಡ್ಡದು. ನೂರ್‌ಜಹಾನ್‌ಗೆ ನಾನಿನ್ನೂ ಹೇಳಿರಲಿಲ್ಲ. ಎಲ್ಲ ನಸೀಬು ಎಂದುಕೊಂಡು ಕೂತಿದ್ದಳು ಅವಳು. ನೇರ ಅವಳ ಮನೆಗೆ ನಡೆದೆ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ, ಬೈರಮಂಗಲದ್ದನ್ನೂ ಹೇಳಿದೆ. ಯಾಕೆ ಹೇಳಿದೆನೋ! ಅವಳ ಸಮಾಧಾನಕ್ಕಲ್ಲ, ನನ್ನದೇ ಸಮಾಧಾನಕ್ಕೆ.

ನೀರಲ್ಲಿ ಬೆಂದು ಬಿಳಿಚಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡಳು.

"ನಿಮ್ ದೇವ್ರು ಒಳ್ಳೇದು ಮಾಡಿದ್ರೆ ಮಾಡ್ಲಿ ಸಿಸ್ಟ್ರೇ. ನೀವು ಅವ್ನ ಹಿಂದೆ ಬಚ್ಚಿಟ್ಕೋಬೇಡಿ. ತಪ್ಪು ನಿಮ್ದು ಅಂತ ಬರ್ದು ಕೊಡಿ."

ಆಯಿಷಾಳ ಫೈಲಿನಲ್ಲಿ ಅಲ್ಲೇ ಬರೆದು ಸೈನ್ ಹಾಕಿದೆ. ಆಸ್ಪತ್ರೆಯವರು ಕೂಗಾಡಿದರು, ಕೂಗಾಡಲಿ. ಕೆಟ್ಟದ್ದರಿಂದ ಒಳ್ಳೆಯದನ್ನು ತೆಗೆಯುವುದು ದೇವರ ಕೆಲಸ, ಅದನ್ನು ನಾನು ಈಗಲೂ ನಂಬುತ್ತೇನೆ. ಆದರೆ ಆ ಒಳ್ಳೆಯದನ್ನು ತೋರಿಸಿ ಕ್ಷಮೆ ಗಿಟ್ಟಿಸಿಕೊಳ್ಳುವ ಹಕ್ಕು ನನಗಿಲ್ಲ. ಕೆಲಸ ಕಲಿಸಿದ್ದು ಇಷ್ಟು.

ನಾನು ರಿಟೈರ್ ಆಗುವ ವಾರ ನೂರ್‌ಜಹಾನ್ ನಾದಿನಿಯನ್ನು ರಕ್ತಪರೀಕ್ಷೆಗೆಂದು ಓಪಿಡಿಗೆ ಕರೆತಂದಿದ್ದಳು. ಪಕ್ಕದಲ್ಲಿ ಆಯಿಷಾ, ಕಿವಿಗೆ ಮೆಷಿನ್. ಹೊಸ ನರ್ಸ್ ಒಬ್ಬಳು ಸುಮ್ಮನೆ ಸೂಜಿ ಎತ್ತಿದಳು. ನಾನು ಬಾಯಿ ತೆರೆಯುವ ಮೊದಲೇ ನೂರ್‌ಜಹಾನ್ ಅವಳ ಮಣಿಕಟ್ಟು ಹಿಡಿದಳು.

"ಮೊದ್ಲು ಹೆಸ್ರು ಕೇಳಮ್ಮ."

ಹುಡುಗಿ ಕೇಳಿದಳು. ನಾದಿನಿ ಹೇಳಿದಳು. ಲೇಬಲ್ ಹಚ್ಚಿ ಮುಗಿಯುವವರೆಗೂ ನೂರ್‌ಜಹಾನ್ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಮಗಳ ಕೈ ಹಿಡಿದು ಹೊರಟುಹೋದಳು.