ಮಂಗಳವಾರ, ಮೂರರಿಂದ ನಾಲ್ಕೂವರೆ

ಮಾನ್ಯ ಓದುಗರಲ್ಲಿ ಸವಿನಯ ಪ್ರಾರ್ಥನೆ. ನನ್ನ ಕೈಬರಹ ಚೆನ್ನಾಗಿಲ್ಲ. ಅಲ್ಪಪ್ರಾಣ ಯಾವುದು, ಮಹಾಪ್ರಾಣ ಯಾವುದು ಎಂಬ ಅನುಮಾನ ಈ ವಯಸ್ಸಿನಲ್ಲೂ ನನ್ನನ್ನು ಬಿಟ್ಟಿಲ್ಲ. ಇದನ್ನು ಅಚ್ಚಿಗೆ ಜೋಡಿಸುವವರಿಗೂ ಓದುವವರಿಗೂ ಆಗಬಹುದಾದ ತೊಂದರೆಗಾಗಿ ಮೊದಲೇ ಕ್ಷಮೆ ಕೋರುತ್ತೇನೆ. ಮೂವತ್ತೊಂದು ವರ್ಷ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಕೆಲಸ ಮಾಡಿದವನಾದ್ದರಿಂದ ಪತ್ರದ ಒಕ್ಕಣೆಯ ಹೊರತು ಬೇರೆ ಬರವಣಿಗೆ ನನಗೆ ತಿಳಿಯದು. ಆದುದರಿಂದ ಅದೇ ರೀತಿಯಲ್ಲಿ, ನನ್ನ ಅಣ್ಣನ ಮೀನು ಹಿಡಿಯುವ ಹವ್ಯಾಸಕ್ಕೂ ಕಳೆದ ವರ್ಷದ ಒಂದು ಮಂಗಳವಾರಕ್ಕೂ ಸಂಬಂಧಿಸಿದ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ನಾವು ಚಾಮರಾಜಪೇಟೆಯವರು. ತಾತನ ಕಾಲದಲ್ಲಿ ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿಯಿತ್ತು. ತಂದೆಯ ಕಾಲಕ್ಕೆ ಅದು ಮುಚ್ಚಿ, ನಾವು ಅಣ್ಣತಮ್ಮಂದಿರಿಬ್ಬರೂ ನೌಕರಿಗೆ ಸೇರಿದೆವು. ಮನೆಯಲ್ಲಿ ನಿತ್ಯ ಲಿಂಗಪೂಜೆ. ಊಟದ ಹೊತ್ತಿನಲ್ಲಿ ಮೀನು ಎಂಬ ಮಾತನ್ನೂ ಆಡುವಂತಿರಲಿಲ್ಲ. ಹೀಗಿರುವಲ್ಲಿ ಅಣ್ಣನಿಗೆ ಕುಂದಾಪುರದ ಕಡೆಗೆ ವರ್ಗವಾಯಿತು. ಅವನು ಅಲ್ಲಿ ಹನ್ನೊಂದು ವರ್ಷ ಒಬ್ಬನೇ ಇದ್ದನು. ನದಿಯು ಸಮುದ್ರವನ್ನು ಸೇರುವ ಅಳಿವೆಯ ಬಳಿ, ಕಲ್ಲಿನ ದಂಡೆಯ ಮೇಲೆ ಕುಳಿತು ಗಾಳ ಹಾಕುವುದನ್ನು ಅಲ್ಲಿಯ ಮೀನುಗಾರರೊಬ್ಬರು ಅವನಿಗೆ ಕಲಿಸಿದರು. ಹಿಡಿದದ್ದರಲ್ಲಿ ಒಂದನ್ನೂ ಅವನು ತಿನ್ನಲಿಲ್ಲ. ಬಾಯಿಂದ ಗಾಳ ಬಿಡಿಸಿ ಮತ್ತೆ ನೀರಿಗೇ ಬಿಡುತ್ತಿದ್ದನು.

ಬೆಂಗಳೂರಿಗೆ ಹಿಂದಿರುಗಿದ ಮೇಲೂ ಪ್ರತಿ ವರ್ಷ ಯುಗಾದಿಯ ಆಸುಪಾಸಿನಲ್ಲಿ, ಹೊಂಗೆ ಚಿಗುರುವ ಹೊತ್ತಿಗೆ, ಕಚೇರಿ ಕೆಲಸವೆಂದು ಹೇಳಿ ನಾಲ್ಕು ದಿನ ಅಲ್ಲಿಗೆ ಹೋಗುತ್ತಿದ್ದನು. ಒಮ್ಮೆ ಅತ್ತಿಗೆಯವರಿಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಗಾಳಗಳು ಸಿಕ್ಕವು.

"ಲಿಂಗ ಕಟ್ಕೊಂಡೋರು ಮೀನು ಹಿಡಿಯೋದಾ? ನಾಚಿಕೆ ಆಗಲ್ವಾ ನಿಮಗೆ?" ಎಂದರು ಅತ್ತಿಗೆ.

"ಹಿಡಿದು ಬಿಟ್ಬಿಡ್ತೀನಿ ಕಣೆ. ನಿನ್ನ ತವರಿನೋರ ಥರ ಹಿಡಿದಿದ್ದನ್ನ ಬಿಡದೇ ಇರೋನಲ್ಲ ನಾನು" ಎಂದನು ಅಣ್ಣ.

ಅತ್ತಿಗೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಆ ಡಬ್ಬಿಯನ್ನು ಅಡುಗೆಮನೆಯಿಂದ ತೆಗೆದು ಚಪ್ಪಲಿ ಗೂಡಿನ ಮೇಲಿಟ್ಟರು. ಅದನ್ನು ಅಣ್ಣನು ಅನುಮತಿಯೆಂದು ಭಾವಿಸಿದನು. ಅತ್ತಿಗೆ ತೀರಿಕೊಂಡ ಮೇಲೆ ಅವನು ನನ್ನ ಮನೆಯಲ್ಲೇ ಇದ್ದಾನೆ.

ತಿನ್ನುವುದಿಲ್ಲವೆಂದ ಮೇಲೆ ಹಿಡಿಯುವುದರಲ್ಲಿ ಏನು ಸುಖವೆಂದು ನಾನು ಒಮ್ಮೆ ಕೇಳಿದ್ದುಂಟು.

"ಎಳೆಯುತ್ತಲ್ಲೋ. ಕಣ್ಣಿಗೆ ಕಾಣದೇ ಇರೋದೊಂದು ಆ ಕಡೆಯಿಂದ ಎಳೆಯುತ್ತೆ. ಕೈಗೆ ಗೊತ್ತಾಗುತ್ತೆ. ಅಷ್ಟೇ" ಎಂದಿದ್ದನು.

ಎರಡು ವರ್ಷದ ಹಿಂದೆ ಅವನ ಬಲಗೈ ಬೆರಳುಗಳಿಗೆ ಬಿಸಿ ಲೋಟದ ಬಿಸಿಯೇ ತಿಳಿಯದಾಯಿತು. ಬಳಿಕ ಎಡಗೈಗೂ ಹಾಗೆಯೇ ಆಯಿತು. ಇದು ನರಗಳ ಕಾಯಿಲೆ, ಏರುತ್ತಲೇ ಹೋಗುತ್ತದೆ, ತಡೆಯುವ ಔಷಧ ಇಲ್ಲವೆಂದು ವೈದ್ಯರು ಹೇಳಿದರು. ಒಂದು ವರ್ಷದೊಳಗೆ ಚಮಚ ಹಿಡಿಯುವುದೂ ಕಷ್ಟವಾಗಬಹುದು ಎಂದರು. ಮೊದಲ ಬಾರಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟವನು ನಾನು, ಹೊರಟದ್ದು ರಾಹುಕಾಲದಲ್ಲಿ. ಆ ದಿನ ಗಡಿಯಾರ ನೋಡದೆ ಹೋದದ್ದು ನನ್ನಿಂದಾದ ಲೋಪವೆಂದು ನಾನು ಇಂದಿಗೂ ನಂಬಿದ್ದೇನೆ. ನಗುವವರು ನಗಬಹುದು.

"ಈ ಯುಗಾದಿಗೆ ಒಂದ್ಸಲ ಕರ್ಕೊಂಡ್ಹೋಗು. ಕೈಲಿ ಇನ್ನೂ ಚೂರು ಗೊತ್ತಾಗ್ತಿದೆ. ಒಂದು ಮೀನು ಎಳೀಲಿ, ಸಾಕು" ಎಂದು ಅಣ್ಣನು ಕೇಳಿದನು. ಅವನು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ನಾನು ಸದರಿ ಮೀನುಗಾರರಿಗೆ ಫೋನು ಮಾಡಿದೆನು. ಅವರು ತಿಥಿ ಲೆಕ್ಕ ಹಾಕಿ ಹೇಳಿದರು: "ಷಷ್ಠಿ ದಿನ ಬನ್ನಿ. ಮಧ್ಯಾಹ್ನ ಮೂರರಿಂದ ನಾಲ್ಕೂವರೆವರೆಗೆ ನೀರು ಏರ್ತದೆ, ಕೆಂಬೇರಿ ಮೀನು ಕಲ್ಲಿನ ಸಂದಿಗೆ ಬರ್ತದೆ. ನೀರು ತಿರುಗಿದ ಮೇಲೆ ಬಂದ್ರೆ ಗಾಳಿ ಕುಡಿದು ಹೋಗ್ಲಿಕ್ಕೆ ಬಂದ ಹಾಗೆ."

ನಾನು ತಿಥಿಯನ್ನೂ ಸಮಯವನ್ನೂ ಚೀಟಿಯಲ್ಲಿ ಬರೆದುಕೊಂಡೆನು. ಅಂದು ವಾರ ಯಾವುದೆಂದು ಗಮನಿಸಲಿಲ್ಲ. ಷಷ್ಠಿಯ ಮರುದಿನ ಬೆಳಿಗ್ಗೆಯೇ ಹಿಂದಿರುಗುವ ಟಿಕೆಟ್ಟನ್ನೂ ತೆಗೆಸಿದೆನು, ಏಕೆಂದರೆ ಅದರ ಮಾರನೆಯ ದಿನ ವೈದ್ಯರನ್ನು ಕಾಣಬೇಕಾಗಿತ್ತು.

ಮಂಗಳವಾರ ಬೆಳಿಗ್ಗೆ ಅಲ್ಲಿಗೆ ತಲುಪಿ ಲಾಡ್ಜಿನಲ್ಲಿ ಇಳಿದೆವು. ಬೆವರು ನಿಲ್ಲದ ಸೆಕೆ. ಅಣ್ಣನು ಊಟವಾದ ಕೂಡಲೇ ಅಂಗಿ ತೊಟ್ಟು, ಗಾಳದ ಕೋಲನ್ನು ಗೋಡೆಗೆ ಒರಗಿಸಿ, ಸಿದ್ಧನಾಗಿ ಕುಳಿತನು. ಎರಡೂವರೆಗೆ ಬರಹೇಳಿದ್ದ ಆಟೋ ಬಂದಾಗ ಮೂರು ಗಂಟೆ ಹತ್ತು ನಿಮಿಷ. ಆಗ ನನಗೆ ವಾರದ ನೆನಪಾಯಿತು. ಮಂಗಳವಾರ ರಾಹುಕಾಲ ಮೂರರಿಂದ ನಾಲ್ಕೂವರೆ.

"ನಡಿಯೋ, ಆಟೋ ಬಂತು" ಎಂದನು ಅಣ್ಣ.

"ಅಣ್ಣ, ಮೂರು ದಾಟಿಹೋಯ್ತು. ಮಂಗಳವಾರ ಇವತ್ತು. ರಾಹುಕಾಲ."

"ಮೀನುಗಳೂ ಪಂಚಾಂಗ ನೋಡ್ತಾವೇನೋ?"

"ಒಂದೂವರೆ ಗಂಟೆ ಅಷ್ಟೇ ಅಣ್ಣ. ಆವತ್ತು ಆಸ್ಪತ್ರೆಗೆ ಹಾಗೇ ಹೋಗಿ ಏನಾಯ್ತು, ನೋಡಿದ್ಯಲ್ಲ."

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದನು. "ಸರಿ. ಆಟೋದವರಿಗೆ ನಾಲ್ಕೂವರೆಗೆ ಬರೋಕೆ ಹೇಳು" ಎಂದು ಮಂಚದ ಮೇಲೆ ಕುಳಿತನು. ಕೋಲನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡನು. ನಾನು ಫ್ಯಾನಿನ ಕೆಳಗೆ ಗೋಡೆ ಗಡಿಯಾರ ನೋಡುತ್ತ ಕುಳಿತೆನು. ಮೂರೂವರೆಗೆ ಮೀನುಗಾರರ ಫೋನು ಬಂತು.

"ಎಲ್ಲಿದ್ದೀರಿ ಮಾರಾಯ್ರೆ? ನೀರು ಏರ್ತಾ ಉಂಟು. ನಿಮಗಂತ ಸೀಗಡಿ ಜೀವಂತ ಇಟ್ಟಿದ್ದೇನೆ."

"ಸ್ವಲ್ಪ ತಡ ಆಗುತ್ತೆ. ನಾಲ್ಕೂವರೆಗೆ ಹೊರಡ್ತೀವಿ" ಎಂದೆನು.

"ಸ್ವಲ್ಪ ಕಾಯಿ ಅಂತ ನಾನು ನೀರಿಗೆ ಹೇಳ್ಲಿಕ್ಕೆ ಆಗ್ತದಾ?"

ಅಣ್ಣನಿಗೆ ಆ ಮಾತು ಕೇಳಿಸಿತು. ಮುಂದಿನ ಒಂದು ಗಂಟೆಯಲ್ಲಿ ನನಗೆ, ಮುಚ್ಚಿಡದೆ ಬರೆಯುವುದಾದರೆ, ಒಂದು ಬಗೆಯ ನೆಮ್ಮದಿಯೇ ಇತ್ತು. ಈ ಸಲವಾದರೂ ತಪ್ಪು ಮಾಡಲಿಲ್ಲವೆಂಬ ನೆಮ್ಮದಿ.

ನಾವು ಅಳಿವೆಯನ್ನು ತಲುಪಿದಾಗ ಐದಕ್ಕೆ ಹತ್ತಿರ. ದಂಡೆಯ ಕಲ್ಲುಗಳ ಮೇಲೆ, ನೀರಿಗಿಂತ ನಾಲ್ಕು ಬೆರಳು ಮೇಲಕ್ಕೆ, ಒದ್ದೆಯ ಗೆರೆ ಆಗಲೇ ಕಾಣುತ್ತಿತ್ತು. ಮೀನುಗಾರರು ತಮ್ಮ ಬುಟ್ಟಿಯನ್ನು ತೋರಿಸಿದರು. ಅದರಲ್ಲಿ ಎರಡು ಕೆಂಬೇರಿಗಳಿದ್ದವು, ಇಟ್ಟಿಗೆಯ ಬಣ್ಣದವು, ಮೊಳದುದ್ದ.

"ನೀವು ಕೂತ್ಕೊಳ್ಳುವ ಜಾಗದಲ್ಲೇ ಸಿಕ್ಕಿದ್ದು" ಎಂದರು. ಹೇಳಿದ ಮೇಲೆ, ಹೇಳಬಾರದಿತ್ತೆಂಬಂತೆ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

ಅವರು ಗಾಳಕ್ಕೆ ಸೀಗಡಿ ಚುಚ್ಚಿ ಬೀಸಿ ಎಸೆದು ಕೋಲನ್ನು ಅಣ್ಣನ ಕೈಗೆ ಕೊಟ್ಟರು. ನಾನು ಅವನ ಮೊಣಕೈಗೆ ಆಸರೆಯಾಗಿ ಕುಳಿತೆನು. ನೀರು ಸಮುದ್ರದ ಕಡೆಗೆ ಸರಿಯುತ್ತಿತ್ತು. ಒಂದು ತೆಂಗಿನ ಗರಿ ನಮ್ಮ ಮುಂದೆಯೇ ಹಾದು ಹೊರಕ್ಕೆ ಹೋಯಿತು. ದಾರ ಒಮ್ಮೆ ಕಲ್ಲಿಗೆ ಸಿಕ್ಕಿಕೊಂಡಿತು. ಮೀನೆಂದು ನಾನು ಎದ್ದು ನಿಂತೆನು.

"ಕಲ್ಲು ಕಣೋ, ಕೂತ್ಕೋ. ಕಲ್ಲು ಎಳೆಯಲ್ಲ" ಎಂದನು ಅಣ್ಣ.

ಸೂರ್ಯ ಮುಳುಗುವವರೆಗೆ ಏನೂ ಬರಲಿಲ್ಲ. ಅವನ ಬೆರಳುಗಳು ತಾವಾಗಿಯೇ ಬಿಡಿಸಿಕೊಂಡು ಕೋಲು ಜಾರಿತು. ಅದನ್ನು ನಾನು ಹಿಡಿದೆನು. ಜಾರಿದ್ದು ಅವನಿಗೆ ತಿಳಿದದ್ದು ಕಣ್ಣಿನಿಂದ. ಆಮೇಲೆ ಅವನು ಬುಟ್ಟಿಯನ್ನು ಹತ್ತಿರಕ್ಕೆ ತರಿಸಿಕೊಂಡು, ಮೀನಿನ ಮೇಲೆ ಅಂಗೈಯನ್ನು ಇಟ್ಟನು.

"ತಣ್ಣಗಿದ್ಯಾ?" ಎಂದು ನನ್ನನ್ನು ಕೇಳಿದನು.

ನಾನೂ ಮುಟ್ಟಿ ನೋಡಿದೆನು. ಜೀವಮಾನದಲ್ಲಿ ನಾನು ಮೀನು ಮುಟ್ಟಿದ್ದು ಅದೊಂದೇ ಸಲ. "ತಣ್ಣಗಿದೆ ಅಣ್ಣ" ಎಂದೆನು.

ಮರುದಿನ ಹಿಂದಿರುಗಿದೆವು. ವೈದ್ಯರು ಹೇಳಿದಂತೆಯೇ, ದಸರೆಯ ಹೊತ್ತಿಗೆ ಅವನ ಎರಡು ಕೈಗಳೂ ನಿಂತವು. ಈಗ ತುತ್ತು ನಾನು ಕೊಡುತ್ತೇನೆ. ಒಂದು ಮಧ್ಯಾಹ್ನ ಮೊಸರನ್ನ ತಿನ್ನುತ್ತ ಅವನು ಹೇಳಿದನು:

"ಮೂರಕ್ಕೆ ಮುಂಚೆ ಆ ಕೋಲನ್ನ ಲಾಡ್ಜಿನ ಮ್ಯಾನೇಜರ್ ಹತ್ರ ಇಟ್ಟುಬಂದಿದ್ರೆ ಆಗ್ತಿತ್ತಲ್ಲೋ. ಅಮ್ಮ ಪರಸ್ಥಾನ ಇಡ್ತಿರಲಿಲ್ವಾ."

ಪರಸ್ಥಾನವೆಂದರೆ, ಹೊರಡುವ ಹೊತ್ತು ಒಳ್ಳೆಯದಲ್ಲದಿದ್ದರೆ, ಒಳ್ಳೆಯ ಗಳಿಗೆ ಇರುವಾಗಲೇ ಒಂದು ಸಾಮಾನನ್ನು ಹೊರಗೆ ಬೇರೆಯವರಲ್ಲಿ ಇಟ್ಟುಬಿಡುವುದು. ಆಗ ಪ್ರಯಾಣ ಶುರುವಾದಂತೆಯೇ ಲೆಕ್ಕ. ಬಳಿಕ ಯಾವಾಗ ಹೊರಟರೂ ದೋಷವಿಲ್ಲ. ನಮ್ಮ ತಾಯಿ ಎಷ್ಟೋ ಸಲ ಎದುರು ಮನೆಯಲ್ಲಿ ನಮ್ಮ ಚೀಲಗಳನ್ನು ಹಾಗೆ ಇಟ್ಟುಬಂದಿದ್ದರು. ರಾಹುಕಾಲವನ್ನು ನೆನೆದ ನನಗೆ ಅದರ ಪರಿಹಾರ ನೆನಪಾಗಲಿಲ್ಲ. ಎರಡೂವರೆಯಿಂದ ಮೂರರವರೆಗೆ ಆ ಕೋಲು ಗೋಡೆಗೆ ಒರಗಿಕೊಂಡೇ ಇತ್ತು.

"ಇದು ನಿನಗೆ ಯಾವಾಗ ಹೊಳೀತು?" ಎಂದೆನು.

"ಆವತ್ತೇ. ಮಂಚದ ಮೇಲೆ ಕೂತಾಗ."

"ಮುಂಚೆ ಇಡದೇ ಹೋದ್ರೂ, ಬೇರೇನೋ ಸಾಮಾನು ಇಟ್ಟಿದ್ದೆ ಅಂತ ಒಂದು ಸುಳ್ಳು ಹೇಳಬಹುದಿತ್ತಲ್ಲ ಅಣ್ಣ. ನಾನು ನಂಬ್ತಿದ್ದೆ."

"ನೀನು ತುಂಬ ಹೆದರ್ಕೊಂಡಿದ್ದೆ ಕಣೋ, ಸುಳ್ಳು ಹೇಳೋಕೆ ಮನಸ್ಸಾಗ್ಲಿಲ್ಲ. ಹೋಗ್ಲಿ ಬಿಡು. ಉಪ್ಪಿನಕಾಯಿ ಹಾಕು."

ಈ ವರ್ಷ ಯುಗಾದಿಗೆ ಮೂರು ದಿನ ಮುಂಚೆ ಮೀನುಗಾರರು ಫೋನು ಮಾಡಿ ಯಾವಾಗ ಬರುತ್ತೀರೆಂದು ಕೇಳಿದರು. ಅಣ್ಣನು ಕಿಟಕಿಯ ಬಳಿ ಕುರ್ಚಿಯಲ್ಲಿದ್ದನು.

"ಈ ವರ್ಷ ಆಗಲ್ಲ ಅಂತ ಹೇಳು" ಎಂದನು.

"ಬರೋ ವರ್ಷ ಬರ್ತೀವಿ ಅನ್ಲಾ?" ಎಂದು ಫೋನಿಗೆ ಕೈ ಅಡ್ಡ ಹಿಡಿದು ಕೇಳಿದೆನು.

"ಬೇಡ."

ನಾನು ಹಾಗೆಯೇ ತಿಳಿಸಿದೆನು. ಅವರು "ಆಯ್ತು" ಎಂದು ಫೋನು ಇಟ್ಟರು.

ಈ ವಿಷಯದಲ್ಲಿ ಯಾರಲ್ಲಿಯೂ ಕೋರತಕ್ಕದ್ದು ಏನೂ ಉಳಿದಿಲ್ಲ. ಬರವಣಿಗೆಯ ಮಟ್ಟಿಗೆ ಮಾತ್ರ ಒಂದು ಕೋರಿಕೆಯಿದೆ: ಅಕ್ಷರದಲ್ಲಾಗಲಿ, ಒಕ್ಕಣೆಯಲ್ಲಾಗಲಿ, ಕಡಲಿನ ನೀರು ಏರಿಳಿಯುವ ಕ್ರಮದ ಬಗ್ಗೆ ನಾನು ಬರೆದುದರಲ್ಲಾಗಲಿ ದೋಷ ಕಂಡುಬಂದಲ್ಲಿ, ತಿಳಿದವರು ದಯಮಾಡಿ ಅಲ್ಲಲ್ಲಿಯೇ ತಿದ್ದಿಕೊಳ್ಳಬೇಕಾಗಿ ವಿನಂತಿ.